ಕೂತೇ ಎದ್ದ ದಂಗೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ, ಅವಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಮದುವೆಯಾದ ವರ್ಷ ಕೆಲಸಕ್ಕೆ ಸೇರಿದವಳು. ಈಗ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಯಾರಿಗೂ ಎದುರು ಮಾತಾಡಿದ್ದಿಲ್ಲ. ಮೇಸ್ತ್ರಿ ಬೈದರೆ ಬಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. "ಬಾಯಿದ್ದೂ ಮೂಗಿ ಕಣೇ ನೀನು" ಎಂದು ಪಕ್ಕದ ಯಂತ್ರದ ಗುಂಗುರುಕೂದಲಿನ ಗೆಳತಿ ಛೇಡಿಸುತ್ತಿದ್ದಳು. ಆ ಗೆಳತಿಗೆ ಗುಂಗುರಿ ಎಂದೇ ಹೆಸರು ಬಿದ್ದಿತ್ತು.

ಬಿಸಿಗಾಳಿಯನ್ನು ಹೊರಗೆಳೆಯುವ ಗೋಡೆಯ ಫ್ಯಾನು ಕೆಟ್ಟು ಬಹಳ ದಿನವಾಗಿತ್ತು. ಹೇಳಿದಾಗಲೆಲ್ಲ ಮೇಸ್ತ್ರಿ "ನೋಡೋಣ" ಎನ್ನುತ್ತಿದ್ದ. ಹಬೆಯ ಯಂತ್ರಗಳ ನಡುವೆ ನಿಂತರೆ ಕುದಿಯುವ ಪಾತ್ರೆಯೊಳಗೆ ನಿಂತ ಹಾಗೆ. ಒಂದು ಮಧ್ಯಾಹ್ನ ಇಸ್ತ್ರಿ ಅಕ್ಕನಿಗೆ ಕಣ್ಣು ಕತ್ತಲೆ ಬಂತು. ಹತ್ತಿರವಿದ್ದ ಹೊದಿಕೆಗಳ ಗಂಟನ್ನು ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟಳು.

"ಏಳು, ಯಾರು ಕೂರೋಕೆ ಹೇಳಿದ್ದು?" ಎಂದ ಮೇಸ್ತ್ರಿ.

ಅವಳು ಏಳಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಆಗ ಗುಂಗುರಿ ತನ್ನ ಯಂತ್ರ ನಿಲ್ಲಿಸಿ ಅವಳ ಪಕ್ಕ ಬಂದು ಕೂತು, ಕುಡಿಯಲು ನೀರು ಕೊಟ್ಟಳು. ಅವಳ ಆಚೆಯವಳೂ ಕೂತಳು. ನೋಡನೋಡುತ್ತಿದ್ದಂತೆ ಒಂದೊಂದೇ ಯಂತ್ರದ ಸದ್ದು ಅಡಗಿ, ಇಡೀ ಸಾಲು ಗಂಟುಗಳ ಮೇಲೆ ಕೂತಿತ್ತು. ಮೇಲೆ ಆಪರೇಷನ್ ಕೋಣೆಗೆ ಹಸಿರು ಬಟ್ಟೆ ಹೋಗಲಿಲ್ಲ. ಡಾಕ್ಟರರು ಕೂಗಾಡಿದರು. ಅದುವರೆಗೆ ಯಾರ ಕಣ್ಣಿಗೂ ಬೀಳದ ನೆಲಮಾಳಿಗೆಗೆ ಕೋಟು ಹಾಕಿದವರೆಲ್ಲ ಇಳಿದು ಬಂದರು. ಸಂಜೆಯೊಳಗೆ ಹೊಸ ಫ್ಯಾನು ಗೋಡೆ ಏರಿತ್ತು. ಮರುದಿನ ಇಸ್ತ್ರಿ ಅಕ್ಕನಿಗೆ ವಿಚಾರಣೆಗೆ ಕರೆಯೂ ಬಂತು. ದಂಗೆ ಎಬ್ಬಿಸಿದಳು ಎಂದು ಮೇಸ್ತ್ರಿ ದೂರು ಕೊಟ್ಟಿದ್ದ.

ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಆ ಮಾತನ್ನು ಹೇಳಿದಳು.

"ದಂಗೆ ಅಲ್ಲಮ್ಮ, ಅದು ಅವರ ಮಾತು," ಎಂದಳು ಮಗಳು. "ನೀನು ಮಾಡಿದ್ದು ಬಂಡಾಯ."

ಗಂಡ ಬಸ್ಸಿನ ಡ್ರೈವರು, ಮುಷ್ಕರಗಳನ್ನು ಕಂಡವನು. "ಮುಷ್ಕರ ಅಂದ್ರೆ ಮೊದ್ಲು ನೋಟಿಸ್ ಕೊಡ್ಬೇಕು, ಸಂಘ ಇರ್ಬೇಕು. ಇದು ಮುಷ್ಕರಾನೂ ಅಲ್ಲ, ಏನೂ ಅಲ್ಲ," ಎಂದು ತಲೆ ಅಲ್ಲಾಡಿಸಿದ. ಹೆಂಡತಿ ತನ್ನನ್ನು ಒಂದು ಮಾತು ಕೇಳದೆ ಮುಷ್ಕರ ಹೂಡಿದ್ದಾಳೆ ಎಂಬ ಬೇಸರವೂ ಆ ದನಿಯಲ್ಲಿತ್ತು.

ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ನಮ್ ಕಾಲದಲ್ಲಿ ಇದಕ್ಕೆ ಸೊಕ್ಕು ಅಂತಿದ್ರು."

ಇಸ್ತ್ರಿ ಅಕ್ಕನ ಬಾಯಲ್ಲಿ ತುತ್ತು ಹಾಗೇ ನಿಂತಿತು. ತಲೆಸುತ್ತು ಬಂತು ಅಷ್ಟೇ ಎಂದು ಹೇಳಬೇಕೆಂದುಕೊಂಡಳು. ಮಗಳು ತನ್ನನ್ನು ನೋಡುತ್ತಿದ್ದ ರೀತಿ ಹೊಸದಾಗಿತ್ತು. ಅದನ್ನು ಕಂಡು ಮಾತು ನುಂಗಿಕೊಂಡಳು.

ವಿಚಾರಣೆಯ ಅಧಿಕಾರಿ ಕೆಟ್ಟವನಲ್ಲ. ಕುರ್ಚಿ ತೋರಿಸಿದ. ಕೂರಲೋ ಬೇಡವೋ ಎಂದು ಅವಳು ಅನುಮಾನಿಸಿದಳು. ಕೊನೆಗೆ ಅಂಚಿನಲ್ಲಿ ಕೂತಳು.

"ದಂಗೆ ಎಬ್ಬಿಸಿದಿರಂತೆ, ಹೌದಾ?"

"ನಾನು ಯಾರನ್ನೂ ಎಬ್ಬಿಸಿಲ್ಲ ಸಾರ್. ಎಲ್ಲರೂ ಕೂತಿದ್ರು."

ಇವಳು ತಮಾಷೆ ಮಾಡುತ್ತಿದ್ದಾಳೋ ಎಂದು ಅವನು ಮುಖ ನೋಡಿದ. ತಮಾಷೆಯ ಸುಳಿವೂ ಇರಲಿಲ್ಲ. ಅವನು ಪೆನ್ನು ಕೆಳಗಿಟ್ಟ. "ನೋಡಿ ಅಮ್ಮ, ನಿಮಗೆ ಅವತ್ತು ತಲೆಸುತ್ತು ಬಂದಿತ್ತು ಅಂತ ಕೇಳಿದೆ. ಹಾಗಂತ ಒಂದು ಮಾತು ಹೇಳಿಬಿಡಿ. ನಿಮ್ಮ ಮಟ್ಟಿಗೆ ಇದು ಇಲ್ಲಿಗೇ ಮುಗಿಯುತ್ತೆ."

"ಉಳಿದವರು ಸಾರ್?"

"ಅವರಿಗೇನು ತಲೆಸುತ್ತು ಬಂದಿರಲಿಲ್ಲವಲ್ಲ."

ನಿಜ ಹೇಳಿದರೆ ತಾನು ಪಾರು, ಗುಂಗುರಿ ದಂಗೆಕೋರಳು. ಬೇಕೆಂದೇ ಕೂತೆ ಎಂದು ಸುಳ್ಳು ಹೇಳಿದರೆ ಮಗಳು ಹೇಳಿದ ಬಂಡಾಯ ತನ್ನ ತಲೆಗೆ. ಆ ಮಧ್ಯಾಹ್ನವನ್ನು ಮತ್ತೆ ನೆನೆದುಕೊಂಡಳು. ಗಂಟಿನ ಮೆತ್ತನೆ, ಗುಂಗುರಿ ಕೊಟ್ಟ ನೀರು, ಕಣ್ಣ ಮುಂದಿನ ಕತ್ತಲೆ ಸರಿದು ಮೇಸ್ತ್ರಿಯ ಚಪ್ಪಲಿ ಸ್ಪಷ್ಟವಾಗಿ ಕಂಡದ್ದು.

"ಮೊದಲು ತಲೆಸುತ್ತು ಬಂತು ಸಾರ್," ಎಂದಳು ನಿಧಾನವಾಗಿ. "ನೀರು ಕುಡಿದ ಮೇಲೆ ಹೋಯ್ತು. ಆದ್ರೂ ಏಳಲಿಲ್ಲ."

"ಯಾಕೆ?"

"ಅದೇ ಗೊತ್ತಾಗ್ತಿಲ್ಲ."

ಅಧಿಕಾರಿ ತಲೆ ಕೆರೆದುಕೊಂಡು ಒಂದು ಪದ ಬರೆದ. ಏನದು ಎಂದು ಕೇಳಿದಳು. ಅವಿಧೇಯತೆ, ಅಂದರೆ ಹೇಳಿದ ಮಾತು ಕೇಳದೇ ಇರುವುದು ಎಂದ.

"ಫ್ಯಾನಿನ ವಿಷಯ ನಾವು ಹೇಳ್ತಾನೇ ಇದ್ವಲ್ಲ ಸಾರ್, ಅವರೂ ಕೇಳಲಿಲ್ಲ. ಅದೂ ಇದೇನಾ?"

"ಇಲ್ಲ. ಅದು..." ಅವನು ಪೆನ್ನಿನ ಮುಚ್ಚಳ ಹಾಕಿದ. "ಅದು ವಿಳಂಬ."

ಅವಳು ತಲೆಯಾಡಿಸಿದಳು. ಅರ್ಥವಾಯಿತೆಂದಲ್ಲ; ದೊಡ್ಡವರು ಏನಾದರೂ ಹೇಳಿದಾಗ ತಲೆಯಾಡಿಸುವುದು ರೂಢಿ.

ಎಲ್ಲರಿಗೂ ಎಚ್ಚರಿಕೆಯ ಪತ್ರ ಬಂತು, ಯಾರ ಕೆಲಸವೂ ಹೋಗಲಿಲ್ಲ. ಇಸ್ತ್ರಿ ಅಕ್ಕನನ್ನೂ ಗುಂಗುರಿಯನ್ನೂ ಬಟ್ಟೆ ಮಡಚುವ ಕೋಣೆಗೆ ಹಾಕಿದರು. ಕೆಲವರು ದಾರಿಯಲ್ಲಿ ನಿಲ್ಲಿಸಿ ಅವಳ ಕೈ ಹಿಡಿದುಕೊಂಡರು. ಇನ್ನು ಕೆಲವರು, ನಿನ್ನಿಂದ ನಮ್ಮ ಹೆಸರಿಗೂ ಮಸಿ ಬಿತ್ತು ಎಂದು ಮುಖ ತಿರುಗಿಸಿದರು. ಅವಳು ಎಲ್ಲರಿಗೂ "ಊಟ ಆಯ್ತಾ?" ಎನ್ನುತ್ತಿದ್ದಳು.

ಒಂದು ದಿನ ಹೊದಿಕೆಯ ಎರಡು ತುದಿ ಹಿಡಿದು ಮಡಚುತ್ತಿದ್ದಾಗ ಅವಳೇ ಗುಂಗುರಿಯನ್ನು ಕೇಳಿದಳು. "ನಿನಗೇನು ತಲೆ ಸುತ್ತಿರಲಿಲ್ಲ. ನೀನ್ಯಾಕೆ ಕೂತೆ?"

"ನೀನು ಕೂತೆ ಅಂತ," ಎಂದಳು ಗುಂಗುರಿ. "ಬಾಯೇ ಬಿಡದವಳು ಕೂತಿದ್ದಾಳೆ ಅಂದ್ರೆ ಏನೋ ಪಕ್ಕಾ ಯೋಚನೆ ಮಾಡಿರ್ತಾಳೆ ಅಂದ್ಕೊಂಡೆ."

"ನೀನು ಬಂದು ಕೂತೆ ಅಂತ ಕಣೇ ನಾನು ಏಳದೇ ಇದ್ದಿದ್ದು."

ಹಾಗಾದರೆ ಶುರು ಮಾಡಿದ್ದು ಯಾರು ಎಂದು ಗುಂಗುರಿ ಕೇಳಿದಳು. ಗೊತ್ತಿಲ್ಲ ಎಂದು ಇಸ್ತ್ರಿ ಅಕ್ಕ ತನ್ನ ಕೈಯಲ್ಲಿದ್ದ ತುದಿಯನ್ನು ಅವಳ ಕೈಗೆ ಕೊಟ್ಟು, ಮುಂದಿನ ಹೊದಿಕೆ ಎತ್ತಿಕೊಂಡಳು.