ಬಾಗಿಲ ಹಿಂದಿನ ಚೊಂಬು

ತಾಲ್ಲೂಕಿನ ಅಮಲ್ದಾರರು ಬಂದಾಗಲೆಲ್ಲ ನಮ್ಮೂರಿನ ಪಟೇಲರಿಗೆ ಬಾಯಾರಿಕೆಯಾಗುತ್ತಿತ್ತು. ನಮ್ಮ ಮನೆಯ ಜಗಲಿಯ ಮೇಲೆ ಕೂತ ಅಮಲ್ದಾರರು ಒಂದು ಪ್ರಶ್ನೆ ಕೇಳಿದರೆ ಸಾಕು, "ಒಸಿ ನೀರ್ ಕುಡ್ಕಂಡ್ ಬತ್ತೀನಿ ಸಾ" ಎಂದು ಎದ್ದು ಒಳಗೆ ಬರುತ್ತಿದ್ದರು. ಬಾಗಿಲ ಹಿಂದೆ ನನ್ನ ಅತ್ತೆ ನಿಂಗಮ್ಮ ಹಿತ್ತಾಳೆ ಚೊಂಬು ಹಿಡಿದು ನಿಂತಿರುತ್ತಿದ್ದರು. ಪಟೇಲರು ಎರಡು ಗುಟುಕು ಕುಡಿಯುವಷ್ಟರಲ್ಲಿ ಅತ್ತೆ ಉತ್ತರ ಹೇಳಿ ಮುಗಿಸಿರುತ್ತಿದ್ದರು. ಕೆರೆಯ ನೀರು ಈ ಸಲ ಯಾರ ಗದ್ದೆಗೆ ಮೊದಲು, ಯಾರ ಬದುವಿನ ಜಗಳ ಎಲ್ಲಿಗೆ ಬಂತು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದ್ದವು. "ಏನ್ರೀ ಪಟೇಲ್ರೆ, ನಿಮಗೆ ಚಳಿಗಾಲದಲ್ಲೂ ಇಷ್ಟು ದಾಹವೇ?" ಎಂದು ಅಮಲ್ದಾರರು ನಗುತ್ತಿದ್ದರು.

ಪಟೇಲಿಕೆ ಅತ್ತೆಯ ಗಂಡನದು. ಅವರು ತೀರಿಕೊಂಡಾಗ ಮಗ ಚಿಕ್ಕವನು. ಹೆಂಗಸಿಗೆ ಪಟೇಲಿಕೆ ಕೊಡುವ ಮಾತೇ ಇರಲಿಲ್ಲ. ಮಗ ವಯಸ್ಸಿಗೆ ಬರುವವರೆಗೆ ಎಂದು ಅತ್ತೆಯ ಮೈದುನ ಜವರೇಗೌಡರ ಹೆಸರಿಗೆ ಬರೆದರು. ಅವರು ತುಂಬಾ ಒಳ್ಳೆಯವರು, ಅಷ್ಟೇ ಅಂಜುಬುರುಕರು.

ಶಾಂತಿಗ್ರಾಮದಲ್ಲಿ ನಾಲ್ಕನೇ ತರಗತಿ ಮುಗಿಸಿದ್ದ ನನ್ನನ್ನು, ಹಿರೀಸಾವೆಗೆ ಎರಡು ಹರದಾರಿ ದೂರದ ಈ ಊರಿಗೆ ಸೊಸೆಯಾಗಿ ತಂದರು. ಗಂಡ ಹಾಸನದಲ್ಲಿ ಓದುತ್ತಿದ್ದರು. ಅತ್ತೆಗೆ ಓದು ಬರುತ್ತಿರಲಿಲ್ಲ. ತಾಲ್ಲೂಕಿನಿಂದ ಬಂದ ಕಾಗದಗಳನ್ನು ನಾನು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳಿ, "ಇನ್ನೊಂದ್ ಸಲ ಓದು ಮಗ" ಎನ್ನುತ್ತಿದ್ದರು. ಎರಡನೆಯ ಸಲ ಓದಿದ ಮೇಲೆ ಆ ಕಾಗದ ಮತ್ತೆ ಬೇಕಾಗುತ್ತಿರಲಿಲ್ಲ.

ನಾನು ಬಂದ ವರ್ಷವೇ ಕಣಜದ ಹತ್ತಿರ ಇಲಿ ಬಿತ್ತು. ಸತ್ತ ಇಲಿ ಕಂಡರೆ ಪ್ಲೇಗು ಬಂತೆಂದೇ ಲೆಕ್ಕ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಆದರೆ ರಾಗಿ ಕೊಯ್ಲಿನ ಕಾಲ, ಯಾರಿಗೂ ಮನಸ್ಸಿಲ್ಲ.

"ತಾಲ್ಲೂಕಿಂದ ಹುಕುಂ ಬರೋಕ್ ಮುಂಚೆ ಊರ್ ಬಿಡ್ಸಿದ್ರೆ ನನ್ ಪಟೇಲ್ಕೆ ಓಯ್ತದೆ ಅತ್ಗೆ" ಎಂದರು ಜವರೇಗೌಡರು.

"ಪಟೇಲ್ಕೆ ಓದ್ರೆ ಇನ್ನೊಬ್ಬ ಬತ್ತಾನೆ. ಜೀವ ಓದ್ರೆ ನಿಮ್ ಅಮಲ್ದಾರ ತಂದ್ಕೊಟ್ಟಾನಾ?"

ಬೆಳಗಾದರೆ ಊರಿನ ಹೆಂಗಸರು ಒಲೆ ಹಚ್ಚಲು ನಮ್ಮ ಮನೆಯಿಂದ ಕೆಂಡ ಒಯ್ಯುತ್ತಿದ್ದರು. ಅವತ್ತು ಅತ್ತೆ ಒಲೆಯ ಕೆಂಡವನ್ನು ಒಂದು ಮಡಕೆ ಓಡಿಗೆ ತುಂಬಿಕೊಂಡು, ಉಳಿದದ್ದಕ್ಕೆ ನೀರು ಸುರಿದು, ಬೀದಿಯಲ್ಲಿ ನಡೆದುಬಿಟ್ಟರು. "ಬೆಂಕಿ ಬೇಕಾದೋರು ಕೆರೆ ಮ್ಯಾಗ್ಳ ವಲ್ದ ತಾವ್ಕೆ ಬನ್ರವ್ವಾ!" ಎಂದಷ್ಟೇ ಕೂಗಿದರು. ಕೆಂಡಕ್ಕೆ ಹೋದ ಹೆಂಗಸರು ಮಕ್ಕಳನ್ನೂ ಪಾತ್ರೆಗಳನ್ನೂ ಅಲ್ಲಿಗೇ ಸಾಗಿಸಿದರು. ಹೊತ್ತು ಇಳಿಯುವಾಗ ಗಂಡಸರು ಬೈದುಕೊಳ್ಳುತ್ತ ಬಿದಿರ ಗಳು, ಹುಲ್ಲು ಹೊತ್ತು ಬಂದರು. ಆ ವರ್ಷ ಸುತ್ತಿನ ಊರುಗಳಲ್ಲಿ ಸಾವಾದವು, ನಮ್ಮಲ್ಲಿ ಆಗಲಿಲ್ಲ.

ಅಮಲ್ದಾರರು ಬಂದು ಜವರೇಗೌಡರ ಬೆನ್ನು ತಟ್ಟಿದರು. ಗೌಡರು ಒಳಗೆ ಬಂದು ಚೊಂಬನ್ನು ಎತ್ತಿ ಖಾಲಿ ಮಾಡಿದರು. ಕಣ್ಣಲ್ಲಿ ನೀರು. "ಅತ್ಗೆ, ನನ್ನ ಒಗಳ್ತಾವ್ರೆ. ಏನ್ ಏಳ್ಲಿ?"

"ಸುಮ್ಕೆ ಕೈ ಮುಗಿಯಪ್ಪ. ಒಗಳ್ಕೆ ನಿಂಗಿರ್ಲಿ, ಊರು ಉಳೀತಲ್ಲ" ಎಂದು ಅತ್ತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಹೆಚ್ಚು ಕಂಡಿಲ್ಲ.

ಕೆಲವು ವರ್ಷಗಳ ಮೇಲೆ ನನ್ನ ಗಂಡನಿಗೆ ಪಟೇಲಿಕೆ ಬಂತು. ಮೊದಲ ಸಲ ಅಮಲ್ದಾರರು ಬಂದಾಗ ಅತ್ತೆ ಚೊಂಬು ತುಂಬಿಕೊಂಡು ಬಾಗಿಲ ಹಿಂದೆ ನಿಂತರು. ಇವರು ಒಳಗೆ ಬರಲೇ ಇಲ್ಲ. ಗೊತ್ತಿದ್ದದ್ದಕ್ಕೂ ಗೊತ್ತಿಲ್ಲದ್ದಕ್ಕೂ ತಾವೇ ಉತ್ತರ ಕೊಟ್ಟರು. ಎಲ್ಲ ಮುಗಿದ ಮೇಲೆ ಅತ್ತೆ ಕೇಳಿದರು: "ನಿಂಗೆ ಬಾಯಾರ್ಕೆ ಆಗ್ನಿಲ್ವಾ ಮಗ?"

"ಅವ್ವಾ, ಚಿಕ್ಕಪ್ಪನ್ನ ನೋಡಿ ಊರೆಲ್ಲ ನಗ್ತಿತ್ತು. ನನ್ನೂ ನೋಡಿ ನಗೋದ್ ಬ್ಯಾಡ."

ಅತ್ತೆ ಚೊಂಬಿನ ನೀರನ್ನು ಹಿತ್ತಲ ನುಗ್ಗೆಯ ಬುಡಕ್ಕೆ ಸುರಿದು ಬಂದರು. ಇವರು ಕೆಟ್ಟವರಲ್ಲ. ತಾಯಿಯ ಮೇಲೆ ಪ್ರಾಣವನ್ನೇ ಇಟ್ಟಿದ್ದರು. ಅವರ ಮಾತಿನಂತೆ ನಡೆಯುವುದು ಮಾತ್ರ ನಾಚಿಕೆ.

ಮತ್ತೆ ಇಲಿ ಬಿತ್ತು. ಇವರು ತಾಲ್ಲೂಕಿಗೆ ಬರೆದು, ಹುಕುಮಿಗೆ ಕಾಯುತ್ತ ಕೂತರು. ಮೂರನೆಯ ದಿನ ಅತ್ತೆ ಓಡಿಗೆ ಕೆಂಡ ತುಂಬಿದರು. ಇವರು ತಲೆಬಾಗಿಲಿಗೆ ಅಡ್ಡ ನಿಂತರು.

"ಈ ಮನೆ ಬೆಂಕಿ ನನ್ ಮಾತಿಲ್ದೆ ಆಚ್ಗೆ ಓಗಂಗಿಲ್ಲ ಅವ್ವಾ. ಪಟೇಲ ನಾನು."

ಅತ್ತೆ ನನ್ನ ಕಡೆ ತಿರುಗಿದರು. "ನೀನಾರ ನಿನ್ ಗಂಡುಂಗೆ ಏಳು ಮಗ." ನನ್ನ ಕಂಕುಳಲ್ಲಿ ಕೂಸಿತ್ತು. ನಾನು ತಲೆ ತಗ್ಗಿಸಿದೆ. ಅತ್ತೆ ಒಳಗೆ ಹೋಗಿ ಕೆಂಡವನ್ನು ಒಲೆಗೆ ಸುರಿದರು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಆರನೆಯ ದಿನ ಅತ್ತೆಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ನನ್ನನ್ನು ಹತ್ತಿರ ಬರಗೊಡಲಿಲ್ಲ. ಚಾಪೆಯ ಮೇಲಿಂದಲೇ ಕೈಬೀಸಿದರು. "ಕೂಸ್ನ ಎತ್ಕೊ. ಬೆಂಕಿ ತಕ್ಕೊ. ಯಾರ್ನೂ ಕೇಳ್ಬ್ಯಾಡ, ನಡಿ."

"ನಿಮ್ಮನ್ ಬುಟ್ಟು ಎಂಗೋಗ್ಲಿ ಅತ್ಯಮ್ಮಾ?"

"ನಾನ್ ನಡ್ದಿದ್ದಿಲ್ವಾ? ಅಂಗೇ ನಡಿ."

ನಾನು ಕೆಂಡ ತುಂಬಿಕೊಂಡು ಹೊರಟೆ. ತಲೆಬಾಗಿಲಲ್ಲಿ ಇವರು ನಿಂತಿದ್ದರು. ನನ್ನ ಮುಖ ನೋಡಿದರು, ಪಕ್ಕಕ್ಕೆ ಸರಿದರು. ಬೀದಿಯಲ್ಲಿ ನಾನು ಅತ್ತೆಯಂತೆ ಕೂಗಲಿಲ್ಲ. ಆದರೂ ಓಡು ಕಂಡ ಹೆಂಗಸರು ಒಬ್ಬೊಬ್ಬರೇ ಹಿಂದೆ ಬಂದರು. ಮಾರನೆಯ ಬೆಳಗ್ಗೆ ಇವರು ಹೊಲಕ್ಕೆ ಒಬ್ಬರೇ ಬಂದರು. ಅತ್ತೆಯಲ್ಲದೆ ಊರಿನಲ್ಲಿ ಇನ್ನೂ ನಾಲ್ಕು ಜನ ತೀರಿಕೊಂಡರು. ಹುಕುಂ ಬಂದದ್ದು ಆಮೇಲೆ.

ಅಮಲ್ದಾರರು ಬಂದರು, ಹೊಸಬರು. ನಮ್ಮ ಗುಡಿಸಲ ಮುಂದೆ ಕುರ್ಚಿ ಹಾಕಿದ್ದೆವು. ಸ್ವಲ್ಪ ಹೊತ್ತಿಗೆ ಇವರು ಎದ್ದರು. "ಒಸಿ ನೀರ್ ಕುಡ್ಕಂಡ್ ಬತ್ತೀನಿ ಸಾ."

ಒಳಗೆ ಬಂದು, ನಾನು ಕೊಟ್ಟ ಚೊಂಬನ್ನು ಪೂರ್ತಿ ಕುಡಿದರು. "ಹುಕುಮಿಗೆ ಮುಂಚೇನೆ ಊರು ಬಿಡ್ಸಿದ್ದು ಯಾರು ಅಂತಾವ್ರೆ. ಏನ್ ಏಳ್ಲಿ?"

"ಅವ್ವ ಅಂತ ಏಳಿ" ಎಂದೆ.

ಇವರು ಹೊರಗೆ ಹೋದರು. ತಡಿಕೆಯ ಆಚೆಯಿಂದ ಮಾತು ಕೇಳಿಸಿತು. "ನಮ್ಮವ್ವ ಸಾ. ಓದ್ ಸಲವೂ ಊರು ಬಿಡ್ಸಿದ್ದು ಅವ್ರೇಯ."

"ಹೌದೇನ್ರೀ? ಎಲ್ಲಿದ್ದಾರೆ? ಕರೀರಿ, ಇಲ್ಲೇ ಕೂತ್ಕೊಳ್ಳಲಿ" ಎಂದರು ಅಮಲ್ದಾರರು.

ಇವರು ತಿರುಗಿ ಗುಡಿಸಲ ಬಾಗಿಲ ಕಡೆ ನೋಡಿದರು. ಅಲ್ಲಿ ನಾನು ಬರಿ ಚೊಂಬು ಹಿಡಿದು ನಿಂತಿದ್ದೆ.