ಗೆರೆ ಮುರಿಯದ ಅಂಗಿ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ‘ಗರಿಗರಿ’ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ. ಹದಿನೆಂಟು ತುಂಬಿದ ದಿನವೇ ಅನಾಥಾಲಯ ಹೊರಗೆ ಕಳಿಸಿತ್ತು. ಅಂದಿನಿಂದ ರೈಲು ನಿಲ್ದಾಣದ ಬೆಂಚೇ ಮನೆ. ಆದರೂ ಅಂಗಿಯ ತೋಳಿನ ಗೆರೆ ಒಂದು ದಿನವೂ ಮುರಿದದ್ದಿಲ್ಲ. ಎಲ್ಲರಿಗಿಂತ ಮೊದಲು ಬಂದು, ಗಿರಾಕಿಗಳ ಬಟ್ಟೆ ಮುಟ್ಟುವ ಮುಂಚೆ ತನ್ನದಕ್ಕೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದಳು.

“ನಮ್ಮ ಜನ ಗಲೀಜು ಅಂತಾರಲ್ಲ ಅಕ್ಕ, ಬಾಯಿ ಬಿಡೋಕೆ ಅವಕಾಶ ಕೊಡಬಾರದು.”

ಅಕ್ಕ ಒಡಹುಟ್ಟಿದವಳಲ್ಲ. ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುವವಳು, ವಯಸ್ಸಿನಲ್ಲಿ ಹಿರಿಯಳು, ಬೇರೆ ಜನದವಳು.

ಬಾಡಿಗೆ ಕೋಣೆ ಕೇಳಲು ಹೋದಲ್ಲೆಲ್ಲ ಮೊದಲು ಹೆಸರು ಕೇಳುತ್ತಿದ್ದರು, ಆಮೇಲೆ ಬೀಗದ ಕೈ ಜೇಬಿಗಿಳಿಯುತ್ತಿತ್ತು. “ನನ್ನ ಹೆಸರಿಗೆ ಏನೋ ಶಕ್ತಿ ಇದೆ ಅಕ್ಕ. ಹೇಳಿದ ತಕ್ಷಣ ಖಾಲಿ ಮನೆಗಳೆಲ್ಲ ತುಂಬಿಬಿಡ್ತವೆ,” ಎಂದಳು ಒಮ್ಮೆ. ಅಕ್ಕ ನಕ್ಕಳು. ನಗಬಾರದಿತ್ತು. ನಕ್ಕ ಮೇಲೆ, ಕೇಳದಿದ್ದರೂ ಸೇರಿಸಿದಳು: “ನಮ್ಮನೇಲೂ ಕಾಲು ಚಾಚೋಕೆ ಜಾಗ ಇಲ್ಲ ಕಣೇ.”

ಜಾಗವಿತ್ತು. ‘ಆ ಜನಾನ ಹೊಸಿಲು ದಾಟಿಸ್ಬೇಡ’ ಎಂದು ಅತ್ತೆ ಹೇಳಿದ್ದರು, ಅಕ್ಕ ತುಟಿ ಬಿಚ್ಚಿರಲಿಲ್ಲ. ಹುಡುಗಿ “ಗೊತ್ತು ಬಿಡಕ್ಕ” ಎಂದು ಮೇಜಿನ ಮೇಲಿದ್ದ ಅಂಗಿಯ ಕಾಲರ್ ತಿರುವಿ ಹಾಕಿದಳು.

ಬರಬರುತ್ತಾ ಅವಳ ತಮಾಷೆ ನಿಂತಿತು. ಒಂದು ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆ ಗಿರಾಕಿಯ ಅಂಗಿಯ ಮೇಲೇ ಉಳಿದು, ಬೆನ್ನಲ್ಲಿ ಕಂದು ಕಲೆ ಬಿತ್ತು. ಹೊಗೆ ಕಂಡರೂ ಅವಳು ಕೈ ಎತ್ತಲಿಲ್ಲ. “ತಲೆಯೊಳಗೆ ಯಾರೋ ಖಾಲಿ ಇಲ್ಲ, ಖಾಲಿ ಇಲ್ಲ ಅಂತಾನೇ ಇರ್ತಾರೆ ಅಕ್ಕ. ನಿದ್ದೆ ಬಂದು ಎಷ್ಟು ದಿನ ಆಯ್ತೋ.”

ಮನೆಯಿಲ್ಲದ ಹುಡುಗ ಹುಡುಗಿಯರಿಗೆಂದೇ ಒಂದು ವಸತಿಗೃಹವಿತ್ತು. ಅಲ್ಲಿ ಹಾಸಿಗೆಯ ಜೊತೆಗೆ ಮನಸ್ಸಿನ ಡಾಕ್ಟರೂ ಸಿಗುತ್ತಿದ್ದರು. ಅಕ್ಕ ಅಲ್ಲಿ ಇಲ್ಲಿ ಕಾಡಿ ಬೇಡಿ ಸಂದರ್ಶನಕ್ಕೆ ದಿನ ಗೊತ್ತುಮಾಡಿಸಿದಳು. ಆ ಬೆಳಗ್ಗೆ ಹುಡುಗಿಯ ಅಂಗಿಯನ್ನು ತಾನೇ ಕಸಿದುಕೊಂಡು, ನೀರು ಚಿಮುಕಿಸಿ, ಗುಂಡಿಪಟ್ಟಿಯ ಸಂದಿಯನ್ನೂ ಬಿಡದೆ ತೀಡಿದಳು. ಅಷ್ಟು ಚೆಂದವಾಗಿ ಅವಳು ಯಾರ ಬಟ್ಟೆಗೂ ಇಸ್ತ್ರಿ ಹಾಕಿರಲಿಲ್ಲ.

ಗಂಟೆಯೊಳಗೆ ಹುಡುಗಿ ವಾಪಸು ಬಂದಳು.

“ಏನಂದ್ರು ಕಣೇ?”

“ಬೀದೀಲಿ ಮಲಗೋರು ಹೀಗಿರಲ್ಲವಂತೆ. ನಿಮ್ಮೋರು ಒಳ್ಳೆ ನಾಟಕ ಆಡ್ತೀರಿ, ನಿಜವಾಗಿ ಕಷ್ಟ ಇರೋರ ಜಾಗ ಕಿತ್ಕೋಬೇಡ ಅಂದ್ರು.”

ಅಕ್ಕನ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಭಾರವಾಯಿತು. “ನಾಳೆ ಮುದುರಿದ್ದೇ ಹಾಕ್ಕೊಂಡು ಹೋಗು. ನಾನೂ ಬರ್ತೀನಿ.”

“ಆಗ ‘ನೋಡಿ, ಇವರು ಇಷ್ಟೇ’ ಅಂತಾರೆ.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ.

ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅಕ್ಕ ಬೆಂಚು ಬೆಂಚು ಹುಡುಕಿದಳು. ಮೂರನೆಯ ದಿನ ಪೊಲೀಸ್ ಪೇದೆಯೊಬ್ಬ ಲಾಂಡ್ರಿಗೆ ಬಂದು, ಅಂಗಿಯ ಜೇಬಲ್ಲಿ ಇಲ್ಲಿನ ಚೀಟಿ ಸಿಕ್ಕಿತು, ಗುರುತು ಹಿಡಿಯಲು ಯಾರಾದರೂ ಬರಬೇಕು ಎಂದ. ಅವಳು ತಾನಾಗಿಯೇ ಜೀವ ಕಳೆದುಕೊಂಡಿದ್ದಳು.

ಆಸ್ಪತ್ರೆಯ ಶವಾಗಾರದಲ್ಲಿ ಗುಮಾಸ್ತ ಮೊದಲು ಹುಡುಗಿಯ ಹೆಸರು ಕೇಳಿದ. ಅಕ್ಕ ಹೇಳಿದಳು.

“ವಿಳಾಸ?”

ಅಕ್ಕ ತನ್ನ ಮನೆಯ ನಂಬರು ಹೇಳಿದಳು, ಬೀದಿ ಹೇಳಿದಳು.

“ನಿಮ್ಮ ಜೊತೇಲೇ ಇದ್ದಳಾ?”

“ಹೂಂ.”

ಗುಮಾಸ್ತ ತಲೆಯೆತ್ತದೆ ಬರೆದುಕೊಂಡ. ಅಷ್ಟು ಸುಲಭವಾಗಿತ್ತು.