ಮೌನೇಶನ ಧಾಟಿ

ಮಕ್ತಲ್ ಊರಿನ ಬ್ಯಾಂಡಿನಲ್ಲಿ ಮೌನೇಶನ ಎಡಕ್ಕೆ ಮೂವತ್ತೊಂದು ವರ್ಷ ನಿಂತವನು ಕುರುಮಯ್ಯ. ಮೌನೇಶನದು ಸ್ಯಾಕ್ಸೊಫೋನ್, ಇವನದು ಕ್ಲಾರಿನೆಟ್. ಮದುವೆ ಮೆರವಣಿಗೆಯಲ್ಲಿ ಇವನು ಒಂದು ಸಾಲು ಊದಬೇಕು, ಅವನು ಅದಕ್ಕೆ ಉತ್ತರ ಕೊಡಬೇಕು. ಜನ ಕಾಯುತ್ತಿದ್ದುದು ಉತ್ತರಕ್ಕೆ.

ಇಬ್ಬರೂ ಮಾಗನೂರಿನ ಕಡೆಯ ಕುರುಬರ ಮಕ್ಕಳು. ಕುರಿ ಕಾಯುವುದು ಬಿಟ್ಟು ಒಟ್ಟಿಗೇ ಬ್ಯಾಂಡಿನ ಉಸ್ತಾದ್ ಶ್ರೀನಿವಾಸುಲು ಅವರ ಹತ್ತಿರ ಕಲಿಯಲು ಸೇರಿದವರು. ಕುರುಮಯ್ಯ ದಿನಾ ಬೆಳಗ್ಗೆ ಎರಡು ತಾಸು ಅಭ್ಯಾಸ ಮಾಡುತ್ತಿದ್ದ. ಮೌನೇಶ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಬಜ್ಜಿ ತಿಂದು, ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ನೇರವಾಗಿ ಬ್ಯಾಂಡಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಅವನು ಊದಿದರೆ ನಾರಾಯಣಪೇಟೆಯ ಸೀರೆ ಅಂಗಡಿಯವರು ಗಲ್ಲಾ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಬ್ಯಾಂಡ್ ಗೊತ್ತು ಮಾಡಲು ಬಂದವರು ಕುರುಮಯ್ಯನ ಎದುರಿಗೇ ಕೇಳುತ್ತಿದ್ದರು: “ಆ ದೊಡ್ಡ ಪೀಪಿಯವ್ರು ಬರ್ತಾರಿಲ್ರೀ?”

ಆ ಬ್ಯಾಂಡಿನಲ್ಲಿ ಒಂದು ವಾಡಿಕೆಯಿದೆ. ಒಬ್ಬ ಸತ್ತರೆ ಜೊತೆಗಾರನೊಬ್ಬ ಅವನ ನೆನಪಿಗೆ ಹೊಸ ಧಾಟಿ ಕಟ್ಟಿ, ಹನ್ನೊಂದನೇ ದಿನ ಅವನ ಮನೆ ಮುಂದೆ ಊದಬೇಕು. ಆಮೇಲೆ ಅದು ಮದುವೆಗಳಲ್ಲೂ ನಡೆಯುತ್ತದೆ. ಉಸ್ತಾದ್ ತೀರಿದಾಗ, ಹತ್ತು ವರ್ಷ ಅವರ ಕಾಲೊತ್ತಿದ್ದ ಕುರುಮಯ್ಯ, ತನ್ನನ್ನೇ ಕೇಳುತ್ತಾರೆ ಅಂದುಕೊಂಡಿದ್ದ. ಯಾರೂ ಕೇಳುವ ಮೊದಲೇ ಮೌನೇಶ ಕಟ್ಟಿಬಿಟ್ಟ. ಗದ್ವಾಲದ ಕೋಟೆ ಮುಂದೆ ಮೆರವಣಿಗೆಯಲ್ಲಿ ಅದನ್ನು ಊದಿದ ದಿನ ಮದುಮಗನ ಅಜ್ಜ ಜೀಪಿನಿಂದ ಇಳಿದು ನಿಂತು ಅತ್ತ. ಕುರುಮಯ್ಯ ಊಟಕ್ಕೆ ಕೂರಲಿಲ್ಲ. “ಹೊಟ್ಟಿ ಸರಿ ಇಲ್ರೀ” ಎಂದ. ಸುಳ್ಳೇನಲ್ಲ.

ಈ ಶ್ರಾವಣದಲ್ಲಿ ಮೌನೇಶನಿಗೆ ಎದೆನೋವು ಬಂತು. ರಾಯಚೂರಿನ ದಾರಿಯಲ್ಲಿ, ಆಟೋದಲ್ಲಿ, ಕುರುಮಯ್ಯನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಪ್ರಾಣ ಬಿಟ್ಟ.

ಮಣ್ಣು ಮಾಡಿದ ಮರುದಿನವೇ ಮೌನೇಶನ ಹೆಂಡತಿ ಕಿಷ್ಟಮ್ಮ ಹೇಳಿದಳು: “ಅಣ್ಣಾರ, ನೀವ ಊದಬೇಕ್ರಿ. ಬ್ಯಾರೆ ಯಾರ ಊದಿದ್ರೂ ಅವ್ರು ನಗ್ತಾರ.”

“ನಾ ಊದಿದ್ರ ಇನ್ನಾ ಹೆಚ್ಚು ನಗ್ತಾನವ್ವ,” ಎಂದ ಕುರುಮಯ್ಯ.

ಅತ್ತು ಮುಗಿದಿರಲಿಲ್ಲ, ಒಳಗೆ ಆಗಲೇ ಒಂದು ಆಸೆ ಎದ್ದು ಕೂತಿತ್ತು. ಇದು ಮೌನೇಶ ಉಸ್ತಾದರಿಗೆ ಕಟ್ಟಿದ ಧಾಟಿಯನ್ನು ಮೀರಿಸಬೇಕು. ಒಂದು ಸಲ, ಒಂದೇ ಸಲ, ಕುರುಮಯ್ಯ ಊದಿದ ಅಂತ ಜನ ಅಳಬೇಕು. ಬೀರಪ್ಪನ ಗುಡಿ ಹಿಂದಿನ ಬೇವಿನ ನೆರಳಿನಲ್ಲಿ ಒಂಬತ್ತು ದಿನ ಕೂತು ಕಟ್ಟಿದ. ಬೆರಳು ಎಲ್ಲಿ ಮೌನೇಶನ ದಾರಿ ಹಿಡಿಯಿತೋ ಅಷ್ಟನ್ನೂ ಕಿತ್ತು ಹಾಕಿದ.

ಹನ್ನೊಂದನೇ ದಿನ ಅಂಗಳ ತುಂಬಿತ್ತು. ಮೊದಲ ಸಾಲು ಅಂದುಕೊಂಡಂತೆಯೇ ಬಂತು. ಸಾಲು ಮುಗಿದದ್ದೇ ಕ್ಲಾರಿನೆಟ್ ತುಟಿಯಿಂದ ಇಳಿಸಿ ಬಲಕ್ಕೆ ತಿರುಗಿದ. ಮೂವತ್ತೊಂದು ವರ್ಷದ ಅಭ್ಯಾಸ, ಉತ್ತರಕ್ಕೆ ಜಾಗ ಬಿಟ್ಟ. ಬಲಕ್ಕೆ ಗೋಡೆಯಿತ್ತು. ಡೋಲು ಬಾರಿಸುತ್ತಿದ್ದ ತಿರುಪತಿ ಏಟು ತಪ್ಪಿಸಲಿಲ್ಲ. ಎಂಟು ಏಟು ಬರಿದೇ ಹೋದವು. ಕುರುಮಯ್ಯ ಮತ್ತೆ ಕ್ಲಾರಿನೆಟ್ ತುಟಿಗೇರಿಸಿದ. ಎರಡನೇ ಸಾಲು ಊದಿದ, ಮತ್ತೆ ಅದೇ ತಪ್ಪು. ಅವನ ಸಾಲುಗಳಿಗೆ ಸುಮ್ಮನಿದ್ದ ಹೆಂಗಸರು ಆ ಖಾಲಿ ಜಾಗಕ್ಕೆ ಬಂದಾಗಲೆಲ್ಲ ಅತ್ತರು.

ಕಿಷ್ಟಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಅವ್ರು ಊದಿದ್ದು ಕೇಳಿಸ್ತು ನೋಡ್ರಿ, ಅಣ್ಣಾರ.”

“ಮತ್ತ ನಂದು?”

“ನಿಮ್ದೂ ಚಲೋ ಇತ್ರಿ.”

ತಿರುಪತಿ ಡೋಲು ಬಿಚ್ಚುತ್ತ, “ಸತ್ರೂ ಬಿಡಲಿಲ್ಲಲ್ಲೋ ಮಾವಾ ಅವ ನಿನ್ನ!” ಎಂದ. ಕುರುಮಯ್ಯ ಕ್ಲಾರಿನೆಟ್ ಬಗಲಿಗೆ ಸೇರಿಸಿ ಹೊರಟುಹೋದ.

ಮತ್ತೆ ಅದೇ ಬೇವಿನ ಕೆಳಗೆ ಕೂತು, ಖಾಲಿ ಜಾಗಗಳಿಗೆಲ್ಲ ತಾನೇ ಉತ್ತರ ಕಟ್ಟಿದ. ಚೆನ್ನಾಗಿಯೇ ಬಂದಿತ್ತು. ಕಾರ್ತಿಕದಲ್ಲಿ ಗದ್ವಾಲದ ಮದುವೆಯೊಂದರಲ್ಲಿ ಹೆಣ್ಣಿನ ಕಡೆಯವರು, “ಮೌನೇಶಂದು ಊದ್ರಿ” ಎಂದರು. ಧಾಟಿ ಕಟ್ಟಿದ್ದು ತಾನು, ತನ್ನ ಹೆಸರು ಅದಕ್ಕೆ ಅಂಟಲೇ ಇಲ್ಲ ಎಂಬುದು ಚುಚ್ಚಿತು. ಆದರೂ ಊದಿದ. ಮೊದಲ ಸಾಲು ಮುಗಿಯಿತು. ಉತ್ತರ ನಾಲಿಗೆ ತುದಿಯಲ್ಲಿತ್ತು, ಕ್ಲಾರಿನೆಟ್ ತುಟಿಯಲ್ಲೇ ಇತ್ತು. ಕಣ್ಣು ಮಾತ್ರ ಬಲಕ್ಕೆ ಹೋಯಿತು. ಯಾರೂ ಹೇಳದೆಯೇ ಬ್ಯಾಂಡಿನ ಹುಡುಗರು ಆ ಕಡೆ ಒಬ್ಬಾಳಿನಷ್ಟು ಜಾಗ ಬಿಟ್ಟು ನಡೆಯುತ್ತಿದ್ದರು.

“ಊದಪಾ, ನೀನ ಊದು,” ಎಂದು ಆ ಖಾಲಿ ಜಾಗಕ್ಕೆ ಹಲ್ಲು ಕಚ್ಚಿ ಬೈದು, ಕ್ಲಾರಿನೆಟ್ ಇಳಿಸಿ, ಡೋಲಿನ ಏಟು ಎಣಿಸತೊಡಗಿದ.